ಕಲ್ಲು ಹರಿದ ದಿಕ್ಕು

1/8

ಲಾಲ್‌ಬಾಗ್ ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳದೇ ಇರೋರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ದರೆ ಕೈ ಎತ್ತಿ. ಯಾರೂ ಇಲ್ಲ, ಗೊತ್ತು. ಹಿಂದೆ ಕೆಂಪೇಗೌಡರ ಗೋಪುರ, ಸಂಜೆ ಬಿಸಿಲು, ತಲೆ ಮೇಲೆ ಹದ್ದು. ಮುಂದಿನ ಸಲ ಹೋದಾಗ ಕ್ಯಾಮೆರಾನ ಒಂದು ನಿಮಿಷ ಕಾಲ ಕೆಳಗೆ ತಿರುಗಿಸಿ. ಇವತ್ತಿನ ಮೊದಲ ಫೋಟೋ ಅದೇ. ಝೂಮ್ ಮಾಡಿ ನೋಡಿ, ಬೂದು ಬಂಡೆಯೊಳಗೆ ತೆಳುವಾದ ಪಟ್ಟೆಗಳಿವೆ. ಬಿಳಿಚಿಕೊಂಡ ಪಟ್ಟೆಯಲ್ಲಿರೋದು ಬೆಣಚು ಮತ್ತು ಫೆಲ್ಡ್‌ಸ್ಪಾರ್ ಅನ್ನೋ ಖನಿಜ. ಕಪ್ಪು ಪಟ್ಟೆಯಲ್ಲಿ ಮಿನುಗೋದು ಹೆಚ್ಚಾಗಿ ಕಾಗೆಬಂಗಾರ.

ಈ ಕಲ್ಲಿನ ಹೆಸರು ಪೆನಿನ್ಸುಲರ್ ನೈಸ್. (ನೈಸ್ ರೋಡಿಗೂ ಇದಕ್ಕೂ ಸಂಬಂಧ ಇಲ್ಲ, ಕೇಳಬೇಡಿ.) ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲೇ ಫಲಕ ಇದೆ, ಅದಕ್ಕೆ ಒರಗಿ ನಿಂತು ನಾವು ಐಸ್‌ಕ್ರೀಂ ತಿಂದಿದ್ದೀವಿ.

ವಯಸ್ಸಿನ ಕಥೆ ಎಲ್ಲರೂ ಹೇಳ್ತಾರೆ, ಅದನ್ನ ನಾನು ಹೇಳಲ್ಲ. ನಾನು ಹೇಳೋಕೆ ಹೊರಟಿರೋದು ಬೇರೆ. ಈ ಜಾತಿಯ ಕಲ್ಲು ಒಂದು ಕಾಲದಲ್ಲಿ ಹರಿದಿದೆ. ಲಾವಾ ಥರ ಕರಗಿಕೊಂಡಲ್ಲ, ಗಟ್ಟಿಯಾಗಿ ಇದ್ದುಕೊಂಡೇ ಹರಿದಿದೆ. ಅದು ಯಾವ ಕಡೆಗೆ ಹರೀತು ಅನ್ನೋ ಗುರುತು ಇಂಥ ಕಲ್ಲುಗಳೊಳಗಿನ ಹರಳುಗಳ ಜೋಡಣೆಯಲ್ಲಿ ಉಳಿದಿರುತ್ತೆ. ಆ ಗುರುತು ಹೇಗೆ ಹುಟ್ಟುತ್ತೆ, ಅದನ್ನ ಹೇಗೆ ಓದ್ತಾರೆ, ಯಾವಾಗ ಅದು ವಾಪಸ್ ಸಿಗದ ಹಾಗೆ ಕಳೆದುಹೋಗುತ್ತೆ, ಇಷ್ಟೇ ಈ ಸರಣಿ.

"ಬಿಕಾಂ ಓದೋಳಿಗೆ ಕಲ್ಲಿನ ಉಸಾಬರಿ ಯಾಕೆ?" ಅಂತ ಮೆಸೇಜ್ ಮಾಡೋಕೆ ಹೊರಟವರು ಸ್ವಲ್ಪ ತಡೀರಿ. ಕೊನೇ ಭಾಗದಲ್ಲಿ ಬಿಲ್ ಪುಸ್ತಕದ ಸಮೇತ ಉತ್ತರ ಇದೆ.

2/8

ಗಟ್ಟಿ ವಸ್ತು ಹರಿಯೋದು ಅಂದ್ರೆ ಏನು? ಕುಲುಮೆ ಮುಂದೆ ನಿಂತು ನೋಡಿದವರಿಗೆ ಇದು ಸುಲಭ. ಕಮ್ಮಾರ ಕುಡುಗೋಲು ಬಗ್ಗಿಸುವಾಗ ಕಬ್ಬಿಣವನ್ನ ಕರಗಿಸಲ್ಲ. ಕಬ್ಬಿಣ ಕರಗೋಕೆ 1,500 ಡಿಗ್ರಿ ದಾಟಬೇಕು, ಅವನ ಇದ್ದಿಲ ಒಲೆಯಲ್ಲಿ ಅದು ಬರೀ ಕೆಂಪಗಾಗುತ್ತೆ. ಕೆಂಪಗಾದದ್ದು ಗಟ್ಟಿಯಾಗೇ ಇರುತ್ತೆ, ಆದ್ರೆ ಹೊಡೆದ ಕಡೆಗೆ ಬಾಗುತ್ತೆ. ತಣ್ಣಗಿದ್ದಾಗ ಅಷ್ಟೇ ಜೋರಾಗಿ ಬಗ್ಗಿಸೋಕೆ ಹೋದ್ರೆ ಬಿರುಕು ಬಿಡಬಹುದು.

ಕಲ್ಲೂ ಹಾಗೇ. ನೆಲದೊಳಗೆ ಇಳೀತಾ ಹೋದ ಹಾಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತೆ. ಸುಮಾರು 300 ಡಿಗ್ರಿ ಮುಟ್ಟಿದಾಗ ಬೆಣಚು ಒಡೆಯೋದು ಬಿಟ್ಟು ಬಾಗೋಕೆ ಶುರುಮಾಡುತ್ತೆ. ಫೆಲ್ಡ್‌ಸ್ಪಾರ್ ಇನ್ನೂ ಹಟಮಾರಿ, ಅದಕ್ಕೆ 450–500 ಡಿಗ್ರಿ ಬೇಕು. ಹಾಗಾಗಿ ಒಂದೇ ಕಲ್ಲಿನಲ್ಲಿ ಬೆಣಚು ರಿಬ್ಬನ್ನಿನ ಹಾಗೆ ಉದ್ದ ಎಳೆದುಕೊಂಡಿದ್ದು, ಪಕ್ಕದ ಫೆಲ್ಡ್‌ಸ್ಪಾರ್ ಮುರಿದ ಹಲ್ಲಿನ ಹಾಗೆ ನಿಂತಿರೋದನ್ನ ನೋಡಬಹುದು. ಎರಡನೇ ಫೋಟೋ ಅದು. ಆ ಕಲ್ಲು ಅನುಭವಿಸಿದ ಬಿಸಿ ಈ ಎರಡು ಅಂಕಿಗಳ ನಡುವೆ ಎಲ್ಲೋ ಇತ್ತು ಅಂತ ಥರ್ಮಾಮೀಟರ್ ಇಲ್ಲದೇ ಹೇಳಿಬಿಡಬಹುದು.

ವೇಗ ಎಷ್ಟು? ಭೂವಿಜ್ಞಾನಿಗಳು ಸಾಮಾನ್ಯವಾಗಿ ಹಿಡಿಯೋ ಲೆಕ್ಕದ ಪ್ರಕಾರ, ಒಂದು ಸೆಂಟಿಮೀಟರ್ ಎತ್ತರದ ಕಲ್ಲಿನ ತುಂಡಿನ ಮೇಲ್ಭಾಗ ತನ್ನ ತಳಕ್ಕಿಂತ ಒಂದು ಸೆಂಟಿಮೀಟರ್ ಮುಂದಕ್ಕೆ ಜಾರೋಕೆ ಸುಮಾರು 30 ಲಕ್ಷ ವರ್ಷ. ಸಿಲ್ಕ್ ಬೋರ್ಡ್ ಜಂಕ್ಷನ್ ಜೋಕು ಇಲ್ಲಿ ನೀವೇ ಸೇರಿಸಿಕೊಳ್ಳಿ.

ನನಗೆ ತುಂಬ ಇಷ್ಟವಾದ ವಿಷಯ ನೀರಿನದು. 1965ರಲ್ಲಿ ಅಮೆರಿಕದ ಡೇವಿಡ್ ಗ್ರಿಗ್ಸ್ ಮತ್ತು ಬ್ಲಾಸಿಕ್ ಬೆಣಚಿನ ಹರಳನ್ನ ಬಿಸಿಮಾಡಿ ಒತ್ತಿ ನೋಡಿದರು. ಒಣ ಬೆಣಚು ಭಾರಿ ಗಟ್ಟಿ, ಜಗ್ಗಲಿಲ್ಲ. ಹರಳಿನೊಳಗೆ ಚೂರೇ ಚೂರು ನೀರಿನ ಅಂಶ ಇದ್ದಾಗ ಮಾತ್ರ ಅದೇ ಬೆಣಚು ಮೆತ್ತಗಾಯಿತು. ಕಲ್ಲನ್ನ ಒದ್ದೆ ಮಾಡಿದ್ರೆ ಅಂತಲ್ಲ, ಪರಮಾಣುಗಳ ಮಧ್ಯೆ ಸೇರಿಕೊಂಡ ನೀರು. ನಮ್ಮ ಕಾಲ ಕೆಳಗಿನ ಇಡೀ ಪದರ ಬಾಗೋದು ಬಿಡೋದು ಇಷ್ಟು ಸಣ್ಣದರ ಮೇಲೆ ನಿಂತಿದೆ.

3/8

ಈಗ ಒಂದೇ ಒಂದು ಹರಳಿನೊಳಗೆ ಹೋಗೋಣ. ಇದು ಸ್ವಲ್ಪ ಕಷ್ಟದ ಭಾಗ, ಟೀ ತಗೊಂಡು ಕೂತ್ಕೊಳ್ಳಿ.

ಹರಳು ಅಂದ್ರೆ ಪರಮಾಣುಗಳು ಸಾಲಾಗಿ, ಅಚ್ಚುಕಟ್ಟಾಗಿ ಕೂತಿರೋ ಜಾಗ. ಒಂದು ಸಾಲಿನ ಮೇಲಿನ ಸಾಲು ಜಾರಬೇಕಾದ್ರೆ ಎಲ್ಲಾ ಪರಮಾಣುಗಳೂ ಒಟ್ಟಿಗೆ ಕೈ ಬಿಡಬೇಕು ಅಂತ ಲೆಕ್ಕ ಹಾಕಿದ್ರೆ, ಅದಕ್ಕೆ ಬೇಕಾದ ಬಲ ವಿಪರೀತ ಬರುತ್ತೆ. ನಿಜವಾಗಿ ಅಷ್ಟು ಬಲ ಬೇಕಾಗಲ್ಲ. ಯಾಕೆ ಅಂತ 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಅನ್ನೋ ಮೂವರು ಒಬ್ಬರಿಗೊಬ್ಬರು ಕೇಳದೇ ಒಂದೇ ಉತ್ತರಕ್ಕೆ ಬಂದರು. ಹರಳಿನಲ್ಲಿ ಸಾಲು ತಪ್ಪಿದ ಜಾಗಗಳಿರ್ತವೆ, ಆ ತಪ್ಪೇ ಒಂದೊಂದು ಹೆಜ್ಜೆ ಮುಂದಕ್ಕೆ ಸರಿಯುತ್ತೆ. ಕಲ್ಯಾಣಮಂಟಪದಲ್ಲಿ ಹಾಸಿದ ಉದ್ದ ಜಮಖಾನ ನೆನಪಿಸಿಕೊಳ್ಳಿ. ಒಂದು ತುದಿ ಹಿಡಿದು ಎಳೆದ್ರೆ ಒಬ್ಬರ ಕೈಲಿ ಆಗಲ್ಲ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನೇ ತಳ್ಳಿಕೊಂಡು ಹೋದ್ರೆ ಅಡುಗೆ ಭಟ್ಟರ ಮಗ ಕೂಡ ಸರಿಸಬಹುದು. ಬಿಸಿ ಹೆಚ್ಚಿದಷ್ಟೂ ಈ ಮಡಿಕೆಗಳು ಸಲೀಸಾಗಿ ಓಡಾಡ್ತವೆ.

ಆದ್ರೆ ಜಾರೋಕೆ ಎಲ್ಲಾ ದಿಕ್ಕೂ ಒಂದೇ ಅಲ್ಲ. ಪ್ರತಿ ಖನಿಜಕ್ಕೂ ಜಾರೋಕೆ ಸುಲಭವಾದ ಕೆಲವು ಪದರ, ಆ ಪದರದಲ್ಲಿ ಸುಲಭವಾದ ಕೆಲವು ದಿಕ್ಕು ಅಂತ ಇರ್ತವೆ. ಹರಳುಗಳ ಜೋಡಣೆ ಹುಟ್ಟೋದೇ ಇಲ್ಲಿಂದ.

ಲೈಬ್ರರಿ ಶೆಲ್ಫಿನಲ್ಲಿ ಪುಸ್ತಕಗಳು ಓರೆಯಾಗಿ ವಾಲಿ ನಿಂತಿರ್ತವಲ್ಲ, ಅವುಗಳ ಮೇಲೆ ಅಂಗೈ ಇಟ್ಟು ಒತ್ತಿ. ಒಂದರ ಮೇಲೊಂದು ಜಾರಿ ಇನ್ನಷ್ಟು ವಾಲ್ತವೆ, ಒತ್ತುತ್ತಾ ಹೋದ್ರೆ ಕೊನೆಗೆ ಹೆಚ್ಚುಕಮ್ಮಿ ಮಲಗಿಬಿಡ್ತವೆ. ಗಮನಿಸಿ, ಪುಸ್ತಕಗಳನ್ನ ಯಾರೂ ಕೈ ಹಿಡಿದು ತಿರುಗಿಸಲಿಲ್ಲ. ಅವು ಜಾರಿದವು ಅಷ್ಟೇ. ಪಕ್ಕದಲ್ಲಿ ಸಂದು ಬಿಡೋ ಹಾಗಿಲ್ಲದ ಕಾರಣ ಜಾರೋದರ ಜೊತೆಗೆ ತಿರುಗಿಯೂ ಬಿಟ್ಟವು. ಈಗ ಒಂದು ಕೋಣೆ ತುಂಬ ಇಂಥ ಸಾವಿರ ಕಟ್ಟುಗಳು, ಒಂದೊಂದೂ ಒಂದೊಂದು ಓರೆಯಲ್ಲಿ ಇವೆ ಅಂದ್ಕೊಳ್ಳಿ. ಇಡೀ ಕೋಣೆಯನ್ನ ಮೇಲಿಂದ ಒತ್ತಿ. ಶುರುವಿನಲ್ಲಿ ಯಾರಿಗೂ ಯಾರಿಗೂ ಹೊಂದಾಣಿಕೆ ಇರಲಿಲ್ಲ, ಕೊನೆಗೆ ಬಹುಪಾಲು ಕಟ್ಟುಗಳು ಒಂದೇ ಕಡೆಗೆ ಮಲಗಿರ್ತವೆ. ಕಲ್ಲಿನೊಳಗೆ ಪ್ರತಿ ಹರಳೂ ಅಂಥ ಒಂದು ಕಟ್ಟು. ಮೇಲೆ ಹತ್ತಾರು ಕಿಲೋಮೀಟರ್ ಭಾರ ಕೂತಿರೋದರಿಂದ ಮಧ್ಯೆ ಖಾಲಿ ಸಂದು ಉಳಿಯೋ ಪ್ರಶ್ನೆಯೇ ಇಲ್ಲ.

ಒತ್ತೋದರ ಬದಲು ಮೇಲಿನದನ್ನ ಒಂದು ಕಡೆ ತಳ್ಳಿದ್ರೆ? ಆಗಲೂ ಜೋಡಣೆ ಆಗುತ್ತೆ, ಆದ್ರೆ ಅದರ ನಕ್ಷೆ ಒಂದು ಕಡೆಗೆ ವಾಲಿರುತ್ತೆ. ಈ ವಾಲು ನೆನಪಿಟ್ಟುಕೊಳ್ಳಿ, 5ನೇ ಭಾಗದಲ್ಲಿ ಬೇಕು.

ಜಾರೋದು ತಿರುಗೋದು ಮಾತ್ರ ಆಗಿದ್ರೆ ಹರಳುಗಳು ಜಜ್ಜಿಹೋಗಿ ಒಂದು ಹಂತದಲ್ಲಿ ಬಿಗಿದುಕೊಂಡು ನಿಂತುಬಿಡ್ತಿದ್ದವು. ಬಿಸಿ ಅದಕ್ಕೆ ಬಿಡಲ್ಲ. ಸಾಲು ತಪ್ಪಿದ ಜಾಗಗಳು ಹರಳಿನೊಳಗೆ ಒಂದು ಕಡೆ ಸೇರಿ ಗೋಡೆ ಎಬ್ಬಿಸ್ತವೆ. ಅವಿಭಕ್ತ ಕುಟುಂಬದಲ್ಲಿ ಮೊದಲು ಪರದೆ, ಆಮೇಲೆ ಗೋಡೆ, ಆಮೇಲೆ ಬೇರೆ ಬಾಗಿಲು, ಬೇರೆ ಕರೆಂಟ್ ಮೀಟರ್ ಬರುತ್ತಲ್ಲ, ಹಾಗೇ ಒಂದು ದೊಡ್ಡ ಹರಳು ನಾಲ್ಕಾರು ಸಣ್ಣ ಹರಳಾಗುತ್ತೆ. ಇನ್ನೂ ಬಿಸಿಯಾದ್ರೆ ಉಲ್ಟಾ ಆಟ ನಡೆಯುತ್ತೆ. ಕಡಿಮೆ ಜಜ್ಜಿದ ಹರಳು ತನ್ನ ಗಡಿಯನ್ನ ಸರಿಸುತ್ತಾ ಹೆಚ್ಚು ಜಜ್ಜಿದ ಪಕ್ಕದವನನ್ನ ನುಂಗಿ ಬೆಳೆಯುತ್ತೆ. ಹೀಗೆ ಹುಟ್ಟುತ್ತಾ, ನುಂಗುತ್ತಾ, ತಿರುಗುತ್ತಾ ಕಲ್ಲು ಮುಂದಕ್ಕೆ ಹರಿಯುತ್ತೆ.

4/8

ಇದನ್ನೆಲ್ಲ ಕಣ್ಣಾರೆ ನೋಡೋದು ಹೇಗೆ?

ಲಾಲ್‌ಬಾಗಲ್ಲಿ ಕಾಣೋ ಪಟ್ಟೆ ಬೇರೆ, ನಾನು ಹೇಳ್ತಿರೋ ಜೋಡಣೆ ಬೇರೆ. ಪಟ್ಟೆ ಅಂದ್ರೆ ಯಾವ ಖನಿಜ ಎಲ್ಲಿದೆ ಅನ್ನೋದು. ಜೋಡಣೆ ಅಂದ್ರೆ ಒಂದೊಂದು ಹರಳಿನ ಒಳಗಿನ ಪರಮಾಣು ಸಾಲು ಯಾವ ಕಡೆ ಮುಖ ಮಾಡಿದೆ ಅನ್ನೋದು. ಹರಳು ಹೊರಗಿಂದ ನೋಡೋಕೆ ದುಂಡಗೇ ಇರಬಹುದು, ಉದ್ದ ಅಗಲ ಒಂದೇ ಇರಬಹುದು, ಆದ್ರೂ ಒಳಗಡೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿರಬಹುದು. ಮುಟ್ಟಿದ್ರೆ ಗೊತ್ತಾಗಲ್ಲ. ಬರಿಗಣ್ಣಿಗೂ ಗೊತ್ತಾಗಲ್ಲ.

ನನಗೆ ಇದನ್ನ ತೋರಿಸಿದ್ದು ನಮ್ಮ ದೊಡ್ಡಪ್ಪನ ಮಗಳು. ಎಂಎಸ್ಸಿ ಜಿಯಾಲಜಿ. ಮೂರನೇ ಮತ್ತು ನಾಲ್ಕನೇ ಫೋಟೋ ಅವಳದೇ, ಮೈಕ್ರೊಸ್ಕೋಪಿಗೆ ಫೋನ್ ಇಟ್ಟು ತೆಗೆದಿದ್ದು. ಮೊದಲು ಕಲ್ಲನ್ನ ಕೊಯ್ದು, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ಆಗೋವರೆಗೂ ಉಜ್ಜುತ್ತಾರೆ. ನಿಮ್ಮ ತಲೆಗೂದಲಿನ ಅರ್ಧದಷ್ಟೂ ಇರಲ್ಲ. ಅಷ್ಟು ತೆಳುವಾದಾಗ ಕಲ್ಲಿನೊಳಗಿಂದ ಬೆಳಕು ಹಾಯುತ್ತೆ. ಎರಡು ಪೋಲರಾಯ್ಡ್ ಹಾಳೆಗಳ ಮಧ್ಯೆ ಇಟ್ಟು ನೋಡಿದ್ರೆ ಬೆಣಚಿನ ಹರಳುಗಳು ಬಿಳಿ, ಬೂದು, ಕಪ್ಪಾಗಿ ಕಾಣ್ತವೆ. ಸೀದಾ ಒಂದು ಮೊಸಾಯಿಕ್ ನೆಲ.

"ಈಗ ನೋಡು ಕಣೇ" ಅಂತ ಅಕ್ಕ ಒಂದು ಸಣ್ಣ ಪಟ್ಟಿಯನ್ನ ಮೈಕ್ರೊಸ್ಕೋಪಿನ ಸಂದಿಗೆ ತೂರಿಸಿದಳು. ಅದು ಜಿಪ್ಸಮ್ ಪಟ್ಟಿ. ಕಪ್ಪು-ಬಿಳುಪು ಇದ್ದದ್ದು ತಟ್ಟನೆ ಬಣ್ಣದ್ದಾಯಿತು. ಹರಳುಗಳು ಬೇಕಾಬಿಟ್ಟಿ ಮುಖ ಮಾಡಿದ್ದಿದ್ರೆ ಒಂದು ನೀಲಿ, ಒಂದು ಹಳದಿ, ಒಂದು ನೇರಳೆ ಅಂತ ಕಲಸುಮೇಲೋಗರ ಕಾಣಬೇಕಿತ್ತು. ಇಲ್ಲಿ ಹೆಚ್ಚುಕಮ್ಮಿ ಇಡೀ ಪರದೆ ನೀಲಿ. ಅವಳು ಮೇಜನ್ನ ಕಾಲು ಸುತ್ತು ತಿರುಗಿಸಿದಳು, ಅಷ್ಟೂ ಹರಳು ಒಟ್ಟಿಗೆ ಹಳದಿಯಾದವು. ನೂರಾರು ಹರಳು, ಎಲ್ಲಾ ಒಂದೇ ಕ್ಷಣ. ನನ್ನ ಬಾಯಿಂದ ಬಂದ ಮಾತು ಇಲ್ಲಿ ಬರೆಯೋ ಹಾಗಿಲ್ಲ.

ಹಿಂದೆ ಇದನ್ನ ಅಳೀತಿದ್ದ ರೀತಿ ಕೇಳಿದ್ರೆ ನಮ್ಮ ಕಾಸ್ಟಿಂಗ್ ಲೆಕ್ಕ ಸುಲಭ ಅನ್ಸುತ್ತೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿದ್ದ ಬ್ರೂನೊ ಸಾಂಡರ್ ಈ ವಿದ್ಯೆಗೆ ಅಡಿಪಾಯ ಹಾಕಿದವರು. ಕಲ್ಲಿನ ಒಳಜೋಡಣೆ ಬಗ್ಗೆ ಅವರ ದೊಡ್ಡ ಪುಸ್ತಕ 1930ರಲ್ಲಿ ಬಂತು. ಆಗ ಮೈಕ್ರೊಸ್ಕೋಪಿನ ಮೇಲೆ ಎಲ್ಲಾ ಕಡೆ ತಿರುಗೋ ಒಂದು ಮೇಜು ಕೂರಿಸಿ, ಒಂದು ಹರಳನ್ನ ಹಿಡಿದು, ಅತ್ತ ಇತ್ತ ಓಲಾಡಿಸಿ ಅದರ ಅಕ್ಷ ಹುಡುಕಿ, ಕಾಗದದ ಮೇಲಿನ ವೃತ್ತದಲ್ಲಿ ಒಂದು ಚುಕ್ಕೆ ಇಡೋದು. ಆಮೇಲೆ ಇನ್ನೊಂದು ಹರಳು. ಹೀಗೆ ಇನ್ನೂರು ಮುನ್ನೂರು ಚುಕ್ಕೆ. ಚುಕ್ಕೆಗಳು ವೃತ್ತದ ತುಂಬ ಹರಡಿದ್ರೆ ಜೋಡಣೆ ಇಲ್ಲ. ಒಂದು ಕಡೆ ಗುಂಪುಗೂಡಿದ್ರೆ, ಪಟ್ಟಿಯಾಗಿ ನಿಂತರೆ, ಜೋಡಣೆ ಇದೆ. ಈಗ ಎಲೆಕ್ಟ್ರಾನ್ ಮೈಕ್ರೊಸ್ಕೋಪು ಅದೇ ಕೆಲಸವನ್ನ ಸಾವಿರಗಟ್ಟಲೆ ಚುಕ್ಕೆಗಳಿಗೆ ತಾನಾಗೇ ಮಾಡುತ್ತೆ.

5/8

ಆ ಚುಕ್ಕೆಗಳ ಗುಂಪು ಏನು ಹೇಳುತ್ತೆ?

ಒಂದು, ಬಿಸಿ. ಬೆಣಚಿಗೆ ಜಾರೋ ಪದರ ಒಂದೇ ಅಲ್ಲ, ಉಷ್ಣತೆ ಏರಿದ ಹಾಗೆ ಅದು ತನಗೆ ಸುಲಭವಾದ ಪದರವನ್ನ ಬದಲಾಯಿಸಿಕೊಳ್ಳುತ್ತೆ. ಕಡಿಮೆ ಬಿಸಿಯಲ್ಲಿ ಹರಳಿನ ಬುಡಕ್ಕೆ ಸಮನಾಗಿ ಜಾರುತ್ತೆ, ಇನ್ನೂ ಬಿಸಿಯಾದಾಗ ಪಕ್ಕದ ಮುಖಗಳ ಮೇಲೆ ಅಡ್ಡಡ್ಡ ಜಾರುತ್ತೆ, 650 ಡಿಗ್ರಿಯ ಆಸುಪಾಸಿನಿಂದ ಮೇಲಕ್ಕೆ ಅದೇ ಮುಖಗಳ ಮೇಲೆ ಉದ್ದುದ್ದಕ್ಕೆ ಜಾರೋಕೂ ಶುರುವಾಗುತ್ತೆ. ಪದರ ಬದಲಾದ್ರೆ ಚುಕ್ಕೆಗಳು ಗುಂಪುಗೂಡೋ ಜಾಗವೂ ಬದಲಾಗುತ್ತೆ. ಅಂದ್ರೆ ಆ ವೃತ್ತ ನೋಡಿ ಕಲ್ಲು ಎಷ್ಟು ಬಿಸಿಯಲ್ಲಿ ಹರೀತು ಅಂತ ಅಂದಾಜು ಮಾಡಬಹುದು.

ಎರಡನೆಯದು ದಿಕ್ಕು. ವಾಲು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಚುಕ್ಕೆಗಳ ನಕ್ಷೆ ಯಾವ ಕಡೆ ವಾಲಿದೆ ಅನ್ನೋದರಿಂದ ಮೇಲಿನ ಕಲ್ಲು ಎಡಕ್ಕೆ ಹೋಯಿತಾ ಬಲಕ್ಕೆ ಹೋಯಿತಾ ಅಂತ ಹೇಳ್ತಾರೆ. ಯಾರೂ ನೋಡದ ಚಲನೆಯ ದಿಕ್ಕು ಒಂದು ಕಾಗದದ ವೃತ್ತದಲ್ಲಿ ಸಿಗುತ್ತೆ.

ಈ ಮಾತು ನಮ್ಮ ನೆಲಕ್ಕೂ ಹತ್ತಿರದ್ದೇ. ಗದಗದ ಕಡೆಯಿಂದ ಮಂಡ್ಯದ ಕಡೆಗೆ, ಚಿತ್ರದುರ್ಗದ ಶಿಲಾಪಟ್ಟಿಯ ಪೂರ್ವ ಅಂಚು ಹಿಡಿದು ಒಂದು ದೊಡ್ಡ ಜಾರುವಲಯ ಹಾದುಹೋಗುತ್ತೆ. ಕರ್ನಾಟಕದ ಹಳೇ ನೆಲವನ್ನ ಭೂವಿಜ್ಞಾನಿಗಳು ಪಶ್ಚಿಮದ ತುಂಡು, ಪೂರ್ವದ ತುಂಡು ಅಂತ ಭಾಗ ಮಾಡೋದು ಹೆಚ್ಚಾಗಿ ಇದೇ ಗೆರೆಯಲ್ಲಿ. ಅಲ್ಲಿ ಕಲ್ಲುಗಳು ಸಣ್ಣ ಹರಳಿನ, ಎಳೆ ಎಳೆಯಾದ ರೂಪಕ್ಕೆ ಬಂದಿವೆ. ಅಂಥ ಕಲ್ಲಿಗೆ ಮೈಲೊನೈಟ್ ಅಂತಾರೆ.

ಆ ಹೆಸರಿನ ಕಥೆ ಹೇಳಲೇಬೇಕು. 1885ರಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ಸ್ಕಾಟ್ಲೆಂಡಿನ ಉತ್ತರದಲ್ಲಿ ಇಂಥ ಕಲ್ಲು ನೋಡಿ, ಎರಡು ಬಂಡೆಗಳ ಮಧ್ಯೆ ಸಿಕ್ಕಿ ಹಿಟ್ಟಾಗಿದೆ ಅಂತ ತೀರ್ಮಾನಿಸಿ, ಗ್ರೀಕ್ ಭಾಷೆಯ ಗಿರಣಿ ಅನ್ನೋ ಪದದಿಂದ ಹೆಸರು ಕೊಟ್ಟರು. ಬೀಸುಕಲ್ಲಿನ ಮಧ್ಯೆ ರಾಗಿ ಪುಡಿಯಾದ ಹಾಗೆ ಅಂತ. ಆಮೇಲೆ ಹರಳುಗಳ ಒಳಗೆ ಹೋಗಿ ನೋಡಿದಾಗ ತಿಳಿದಿದ್ದು, ಬೆಣಚು ಮುಖ್ಯವಾಗಿ ಪುಡಿಯಾಗಿ ಸಣ್ಣಗಾದದ್ದಲ್ಲ. ಬಿಸಿಯಲ್ಲಿ ಹರಿದು, ಗೋಡೆ ಎಬ್ಬಿಸಿಕೊಂಡು, ಹೊಸ ಸಣ್ಣ ಹರಳುಗಳಾಗಿದೆ. ಪುಡಿಯಾಗಿದ್ದಿದ್ರೆ ಹರಳುಗಳ ಮುಖ ಚೆಲ್ಲಾಪಿಲ್ಲಿ ಇರಬೇಕಿತ್ತು. ಒಂದೇ ಕಡೆ ಮುಖ ಮಾಡಿ ನಿಂತಿವೆ ಅನ್ನೋದು ದೊಡ್ಡ ಸಾಕ್ಷಿ. ಹೆಸರು ಮಾತ್ರ ಗಿರಣಿ ಅಂತಲೇ ಉಳಿದುಕೊಂಡಿತು.

6/8

ಈಗ ನಮ್ಮ ಬಿಕಾಂ ಬುದ್ಧಿ. ಯಾವ ದಾಖಲೆಯನ್ನೇ ಆಗಲಿ ಎಷ್ಟರ ಮಟ್ಟಿಗೆ ನಂಬೋದು ಅಂತ ಕೇಳದೇ ಬಿಟ್ಟರೆ ಆಡಿಟಿಂಗ್ ಪೇಪರ್ ಯಾಕೆ ಬರೀಬೇಕು?

ಹರಳುಗಳ ಜೋಡಣೆ ಜರ್ನಲ್ ಅಲ್ಲ. ದಿನದಿನದ ಎಂಟ್ರಿ ಅದರಲ್ಲಿ ಇರಲ್ಲ. ಅದು ಕ್ಲೋಸಿಂಗ್ ಬ್ಯಾಲೆನ್ಸ್. ಕಲ್ಲು ಮೊದಲು ಪೂರ್ವಕ್ಕೆ ಹರಿದು, ಆಮೇಲೆ ಉತ್ತರಕ್ಕೆ ಸಾಕಷ್ಟು ಹರಿದಿದ್ರೆ, ಉತ್ತರದ್ದು ಪೂರ್ವದ್ದನ್ನ ಬಹುಮಟ್ಟಿಗೆ ಅಳಿಸಿಬಿಡುತ್ತೆ. ಹರಿಯೋದು ನಿಂತ ಮೇಲೂ ಕಲ್ಲು ಬಹಳ ಕಾಲ ಬಿಸಿಯಲ್ಲೇ ಕೂತಿದ್ರೆ ಹರಳುಗಳು ನಿಧಾನಕ್ಕೆ ಬೆಳೆದು ಗಡಿಗಳನ್ನ ನೇರ ಮಾಡಿಕೊಳ್ತವೆ, ಎಳೆದಾಡಿದ ಗುರುತು ಹೊರನೋಟಕ್ಕೆ ಮಾಯ. ಒಳಗಿನ ಜೋಡಣೆ ಕೆಲವು ಸಲ ಉಳಿಯುತ್ತೆ, ಕೆಲವು ಸಲ ಮಸುಕಾಗುತ್ತೆ.

ಇನ್ನೊಂದು, ಬ್ಯಾಲೆನ್ಸ್ ಸೊನ್ನೆ ಇದ್ದ ಮಾತ್ರಕ್ಕೆ ವ್ಯವಹಾರ ನಡೆದಿಲ್ಲ ಅಂತಲ್ಲ. ಹರಳುಗಳು ತೀರಾ ಸಣ್ಣಗಿದ್ರೆ ಕಲ್ಲು ಬೇರೆ ದಾರಿಯಲ್ಲಿ ಹರಿಯುತ್ತೆ. ಹರಳಿನೊಳಗೆ ಪದರ ಜಾರೋದರ ಬದಲು ಪರಮಾಣುಗಳು ಒಂದೊಂದಾಗಿ ಅಂಚಿನಿಂದ ಅಂಚಿಗೆ ವಲಸೆ ಹೋಗ್ತವೆ, ಹರಳುಗಳು ಮರಳಿನ ಕಣಗಳ ಹಾಗೆ ಒಂದರ ಪಕ್ಕ ಒಂದು ಸರೀತವೆ. ಆಗ ಜೋಡಣೆ ಹುಟ್ಟಲ್ಲ, ಹುಟ್ಟಿದ್ರೂ ದುರ್ಬಲ. ಕಲ್ಲು ಎಷ್ಟೋ ದೂರ ಹರಿದಿರುತ್ತೆ, ಪುಸ್ತಕದಲ್ಲಿ ಒಂದು ಸಾಲೂ ಇರಲ್ಲ. ಕ್ಯಾಶ್‌ನಲ್ಲಿ ನಡೆದ ವ್ಯವಹಾರ ಅಂದ್ಕೊಳ್ಳಿ.

ಆದ್ರಿಂದ ಜಾಣರು ಒಂದೇ ದಾಖಲೆ ನಂಬಲ್ಲ. ಹರಳಿನ ಗಾತ್ರ, ಫೆಲ್ಡ್‌ಸ್ಪಾರ್ ಮುರಿದಿದೆಯಾ ಬಾಗಿದೆಯಾ, ಕಾಗೆಬಂಗಾರದ ಎಲೆಗಳು ಯಾವ ಕಡೆ ತಿರುಗಿವೆ, ಎಲ್ಲವನ್ನೂ ಪಕ್ಕದಲ್ಲಿಟ್ಟು ತಾಳೆ ನೋಡ್ತಾರೆ. ವೋಚರ್ ಇಲ್ಲದೇ ಎಂಟ್ರಿ ಪಾಸ್ ಮಾಡಲ್ಲ.

7/8

ಇದೇ ಲೆಕ್ಕ ಭೂಮಿಯ ಹೊರಪದರದ ಕೆಳಗೂ ನಡೆಯುತ್ತೆ, ಅದೂ ಯಾರೂ ಒಂದು ಚೂರು ಕಲ್ಲು ತರೋಕಾಗದ ಆಳದಲ್ಲಿ.

ಅಲ್ಲಿ ಮುಖ್ಯ ಖನಿಜ ಆಲಿವೀನ್. ಆಭರಣದ ಅಂಗಡಿಯಲ್ಲಿ ಪೆರಿಡಾಟ್ ಅಂತ ಹಸಿರು ಕಲ್ಲು ಮಾರ್ತಾರಲ್ಲ, ಅದೇ. ಆಲಿವೀನ್ ಹರಳಿನ ಒಂದು ಅಕ್ಷದ ಉದ್ದಕ್ಕೆ ಭೂಕಂಪದ ಮೊದಲ ಅಲೆ ಸೆಕೆಂಡಿಗೆ ಸುಮಾರು 9.9 ಕಿಲೋಮೀಟರ್ ಓಡುತ್ತೆ, ಇನ್ನೊಂದು ಅಕ್ಷದ ಉದ್ದಕ್ಕೆ ಬರೀ 7.7. ಒಂದೇ ಹರಳಿನೊಳಗೆ ಇಷ್ಟು ವ್ಯತ್ಯಾಸ. ಹರಳುಗಳು ಚೆಲ್ಲಾಪಿಲ್ಲಿ ಇದ್ದರೆ ಸರಾಸರಿ ಆಗಿ ಎಲ್ಲಾ ಕಡೆ ಒಂದೇ ವೇಗ. ಹರಿದು ಜೋಡಣೆಯಾಗಿದ್ರೆ ಒಂದು ದಿಕ್ಕಿನಲ್ಲಿ ಅಲೆ ಬೇಗ ಬರುತ್ತೆ, ಅಡ್ಡ ದಿಕ್ಕಿನಲ್ಲಿ ತಡವಾಗಿ.

1964ರಲ್ಲಿ ಹ್ಯಾರಿ ಹೆಸ್ ಇದನ್ನೇ ಹಿಡಿದರು. ಎರಡನೇ ಮಹಾಯುದ್ಧದಲ್ಲಿ ಹಡಗಿನ ಅಧಿಕಾರಿಯಾಗಿದ್ದುಕೊಂಡೇ ಶಬ್ದದ ಉಪಕರಣದಿಂದ ಸಮುದ್ರತಳ ಅಳೆದ ಮನುಷ್ಯ ಇವರು. ಪೆಸಿಫಿಕ್ ಸಾಗರದ ತಳದಲ್ಲಿ ಅಲೆಗಳ ವೇಗ ದಿಕ್ಕಿಗೆ ತಕ್ಕ ಹಾಗೆ ಬದಲಾಗುತ್ತೆ, ತಳ ಬಿಚ್ಚಿಕೊಂಡು ಸರಿದ ದಿಕ್ಕಿನಲ್ಲೇ ಬೇಗ ಓಡುತ್ತೆ, ಕಾರಣ ಆಲಿವೀನ್ ಹರಳುಗಳು ಹರಿದ ಕಡೆಗೆ ಮುಖ ಮಾಡಿರೋದು ಅಂತ ಬರೆದರು. ಖಂಡಗಳು ಚಲಿಸ್ತವೆ ಅಂದ್ರೆ ಇನ್ನೂ ಬಹಳ ಜನ ನಗ್ತಿದ್ದ ಕಾಲ ಅದು.

ಇಲ್ಲೂ ನೀರು ಬಂದು ತಲೆಕೆಡಿಸುತ್ತೆ. 2001ರಲ್ಲಿ ಜುಂಗ್ ಮತ್ತು ಕರಾಟೊ ಪ್ರಯೋಗದಲ್ಲಿ ತೋರಿಸಿದ ಪ್ರಕಾರ, ಆಲಿವೀನ್‌ನಲ್ಲಿ ನೀರಿನ ಅಂಶ ಹೆಚ್ಚಿದ್ದು ಒತ್ತಡವೂ ಜೋರಾಗಿದ್ರೆ ವೇಗದ ಅಕ್ಷ ಹರಿವಿನ ದಿಕ್ಕಿಗೆ ಅಡ್ಡಲಾಗಿ ನಿಂತುಬಿಡಬಹುದು. ಅಂದ್ರೆ ಅದೇ ಅಳತೆಯಿಂದ ಪೂರ್ತಿ ಬೇರೆ ದಿಕ್ಕು ಬರುತ್ತೆ. ಮೊದಲು ಒಣ ನೆಲವಾ ಒದ್ದೆ ನೆಲವಾ ಅಂತ ಗೊತ್ತಿರಬೇಕು.

ಚಿಕ್ಕ ಅಡ್ಡಮಾತು: ಮಂಜುಗಡ್ಡೆಯೂ ಖನಿಜವೇ. ಮೈನಸ್ 20 ಡಿಗ್ರಿ ನಮಗೆ ಕೊರೆಯೋ ಚಳಿ. ಕೆಲ್ವಿನ್ ಲೆಕ್ಕದಲ್ಲಿ ಅದು 253, ಕರಗೋದು 273ಕ್ಕೆ. ಹಾಗಾಗಿ ಅಂಟಾರ್ಕ್ಟಿಕಾದ ಮಂಜು ಯಾವತ್ತೂ ಕುಲುಮೆಯೊಳಗಿನ ಕಬ್ಬಿಣದ ಸ್ಥಿತಿಯಲ್ಲೇ ಇರುತ್ತೆ, ಗಟ್ಟಿಯಾಗೇ ಹರಿಯುತ್ತೆ. ಅದರ ಹರಳುಗಳೂ ಜೋಡಣೆಯಾಗ್ತವೆ, ಜೋಡಣೆಯಾದ ಮೇಲೆ ಆ ದಿಕ್ಕಿನಲ್ಲಿ ಹರಿಯೋದು ಇನ್ನೂ ಸುಲಭ. ಸಮುದ್ರ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕೋರು ಇದನ್ನೂ ಲೆಕ್ಕಕ್ಕೆ ತಗೋಬೇಕು. ಮಂಗಳೂರಿನ ಕಡೆ ಮನೆ ಇರೋರು ಈ ಪ್ಯಾರಾವನ್ನ ಇನ್ನೊಂದು ಸಲ ಓದಿಕೊಳ್ಳಿ.

8/8

ಮಾತು ಕೊಟ್ಟ ಹಾಗೆ, ಬಿಲ್ ಪುಸ್ತಕ.

ನಾನು ಸಂಜೆ ಹೊತ್ತು ಜಿಗಣಿ ಕಡೆಯ ಒಂದು ಕಲ್ಲಿನ ಯಾರ್ಡಿನಲ್ಲಿ ಬಿಲ್ ಬರೀತೀನಿ, ಜಿಎಸ್‌ಟಿ ಎಂಟ್ರಿ ಹಾಕ್ತೀನಿ. ಲಾರಿಯಲ್ಲಿ ಬ್ಲಾಕ್ ಬರುತ್ತೆ, ಮೆಷಿನ್ನಿನಲ್ಲಿ ಬ್ರೆಡ್ ಕೊಯ್ದ ಹಾಗೆ ಕೊಯ್ತಾರೆ, ಪಾಲಿಷ್ ಮಾಡಿ ಸಾಲಾಗಿ ನಿಲ್ಲಿಸ್ತಾರೆ. ವ್ಯಾಪಾರದಲ್ಲಿ ಗಟ್ಟಿ ಕಲ್ಲೆಲ್ಲ ಗ್ರಾನೈಟೇ. ನೈಸ್ ಅಂತ ಯಾರೂ ಅನ್ನಲ್ಲ. ಅಲೆ ಅಲೆ ಪಟ್ಟೆ ಇರೋ ಸ್ಲ್ಯಾಬ್ ಬಂದ್ರೆ ಗಿರಾಕಿಗಳು ಕೈಯಾಡಿಸಿ, "ಇದರಲ್ಲಿ ಮೂವ್‌ಮೆಂಟ್ ಚೆನ್ನಾಗಿದೆ" ಅಂತಾರೆ. ಅದು ಈ ಧಂಧೆಯ ಮಾತು. ಪಟ್ಟೆ ಬಳುಕಿರೋದಕ್ಕೆ ಮೂವ್‌ಮೆಂಟ್ ಅನ್ನೋದು. ಅಕ್ಕನಿಗೆ ಹೇಳಿದೆ, ಅವಳು ಎರಡು ನಿಮಿಷ ನಕ್ಕು, "ನಿಮ್ಮ ಗಿರಾಕಿಗಳು ನಮ್ಮ ಪ್ರೊಫೆಸರ್‌ಗಿಂತ ನೇರವಾಗಿ ಹೇಳ್ತಾರೆ ಕಣೇ" ಅಂದಳು.

ನಾನು ಎಂಟ್ರಿ ಹಾಕೋದು ಇಷ್ಟು: ಬ್ಲಾಕ್ ನಂಬರ್, ಸ್ಲ್ಯಾಬ್ ನಂಬರ್, ಉದ್ದ, ಅಗಲ, ಚದರಡಿ, ದರ. ಸ್ಲ್ಯಾಬ್ ನಂಬರಿನ ಕ್ರಮ ತಪ್ಪಿದ್ರೆ ಬೈತಾರೆ, ಯಾಕಂದ್ರೆ ಪಕ್ಕಪಕ್ಕದ ಎರಡು ಸ್ಲ್ಯಾಬನ್ನ ಪುಸ್ತಕ ಬಿಚ್ಚಿದ ಹಾಗೆ ಗೋಡೆಗೆ ಹಾಕಿಸೋ ಗಿರಾಕಿಗಳಿದ್ದಾರೆ. ಯಾವ ಸ್ಲ್ಯಾಬ್ ಪಕ್ಕ ಯಾವುದಿತ್ತು ಅಂತ ಗೊತ್ತು. ಗುಡ್ಡದಲ್ಲಿದ್ದಾಗ ಅದರ ಯಾವ ಮುಖ ಮೇಲಿತ್ತು, ಯಾವ ಅಂಚು ಉತ್ತರಕ್ಕಿತ್ತು ಅಂತ ಬರೆಯೋ ಕಾಲಂ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಈ ಕಾಲಂ ಯಾಕೆ ಬೇಕು ಅಂತ ನನಗೆ ಹೊಳೆದಿದ್ದು ಅಕ್ಕನ ಜೊತೆ ಫೀಲ್ಡಿಗೆ ಹೋದಾಗ. ಅವಳು ಬಂಡೆಯಿಂದ ತುಂಡು ಒಡೆಯೋ ಮುಂಚೆ ಕಂಪಾಸ್ ಇಟ್ಟು ಅಳೆದು, ಕಲ್ಲಿನ ಮೇಲೇ ಮಾರ್ಕರ್‌ನಲ್ಲಿ ಗೆರೆ, ಬಾಣ, ಡಿಗ್ರಿ ಬರೆದಳು. ಆಮೇಲೆ ಸುತ್ತಿಗೆ. ಅಲ್ಲೇ ಉರುಳಿ ಬಿದ್ದಿದ್ದ ಎಷ್ಟೋ ಚೆಂದದ ಕಲ್ಲನ್ನ ನಾನು ತೋರಿಸಿದೆ, ಒಂದನ್ನೂ ಮುಟ್ಟಲಿಲ್ಲ. "ಅದರೊಳಗೂ ಹರಳು ಒಂದೇ ಕಡೆ ಮುಖ ಮಾಡಿರಬಹುದು. ಆದ್ರೆ ಯಾವ ಕಡೆ? ಅದು ಉರುಳಿಬಿಟ್ಟಿದೆಯಲ್ಲ" ಅಂದಳು. ಉರುಳಿದ ಕಲ್ಲಿನಿಂದ ಬಿಸಿ ಎಷ್ಟಿತ್ತು ಅಂತ ಇನ್ನೂ ಹೇಳಬಹುದು. ಹರಿದ ದಿಕ್ಕು ಮಾತ್ರ ಹೋಯಿತು. ಲ್ಯಾಬಿಗೆ ಒಯ್ದು ಎಷ್ಟೇ ದುಬಾರಿ ಮೈಕ್ರೊಸ್ಕೋಪಿನಲ್ಲಿ ನೋಡಿದ್ರೂ ವಾಪಸ್ ಬರಲ್ಲ.

ಅಂದ್ರೆ ನಿಮ್ಮ ಅಡುಗೆಮನೆ ಕಟ್ಟೆಯ ಕಲ್ಲಿನೊಳಗೂ ಹರಳುಗಳ ಜೋಡಣೆ ಇರಬಹುದು, ಒಂದು ಚೂರೂ ಕೆಡದೇ. ಪಾಲಿಷ್‌ನಿಂದ ಅದಕ್ಕೇನೂ ಆಗಲ್ಲ, ಬಿಸಿ ಕುಕ್ಕರ್ ಇಟ್ಟರೂ ಏನೂ ಆಗಲ್ಲ. ಅದು ತೋರಿಸ್ತಿರೋ ದಿಕ್ಕು ಈಗ ನಿಮ್ಮ ಗ್ಯಾಸ್ ಸ್ಟೌವಿನ ಕಡೆಗೆ, ಅಷ್ಟೇ.

ನಮ್ಮೂರು ಚಿಕ್ಕಬಳ್ಳಾಪುರದ ಕಡೆ. ಊರ ಹಿಂದೆ ಒಂದು ಗುಡ್ಡ ಇದೆ, ಅರ್ಧ ಇದೆ. ಇನ್ನರ್ಧ ಕ್ವಾರಿಗೆ ಹೋಯಿತು. ನಾನು ಇಲ್ಲಿ ಕ್ವಾರಿ ಬೈಯೋಕೆ ಕೂತಿಲ್ಲ. ನನ್ನ ಈ ವರ್ಷದ ಕಾಲೇಜು ಫೀಸು ಕಲ್ಲಿನ ದುಡ್ಡಿನಿಂದಲೇ ಬಂದಿದೆ, ನೀವು ಓದ್ತಿರೋ ಈ ಫೋನೂ ಅಷ್ಟೇ. ಊರಿನ ಎಷ್ಟೋ ಮನೆಗಳಲ್ಲಿ ಸಂಜೆ ಒಲೆ ಹತ್ತೋದು ಅದರಿಂದ. ಆದ್ರೆ ಆ ಅರ್ಧ ಗುಡ್ಡದಿಂದ ಬಾಣ ಹಾಕಿದ ಒಂದೇ ಒಂದು ತುಂಡು ಕಲ್ಲೂ ಎಲ್ಲೂ ಇಲ್ಲ ಅನ್ನೋದು ನನ್ನನ್ನ ಕಾಡುತ್ತೆ. ನೂರಾರು ಲೋಡು ಹೋಗಿದೆ, ಪ್ರತಿ ಲೋಡಿಗೂ ಪರ್ಮಿಟ್ ಇದೆ, ತೂಕದ ಚೀಟಿ ಇದೆ. ದಿಕ್ಕು ಇಲ್ಲ. ಅಕ್ಕನಿಗೆ ಬೇಕಾಗಿರೋದು ಮುಷ್ಟಿಯಷ್ಟು ಕಲ್ಲು, ಒಂದು ಮಾರ್ಕರ್, ಹತ್ತು ನಿಮಿಷ. ಕ್ವಾರಿ ನೋಡಿಕೊಳ್ಳೋ ಅಣ್ಣನನ್ನ ಕೇಳಿದೆ, "ಅಷ್ಟೇನಾ? ಬಾಮ್ಮ, ಭಾನುವಾರ ಮೆಷಿನ್ ಇರಲ್ಲ" ಅಂದ.

ಈ ಭಾನುವಾರ ಹೋಗ್ತಿದ್ದೀವಿ. ನಮ್ಮ ಭಾಗದ ನೈಸ್‌ಗಳ ಪಟ್ಟೆ ಬಹುಮಟ್ಟಿಗೆ ಉತ್ತರ–ದಕ್ಷಿಣಕ್ಕೆ ಹಾದಿರುತ್ತೆ ಅಂತ ಅಕ್ಕ ಹೇಳ್ತಾಳೆ, ನಮ್ಮ ಗುಡ್ಡದ್ದು ಯಾವ ಕಡೆ ಅಂತ ಅಳೆದು ಹಾಕ್ತೀನಿ. ತುಂಡು ಉಜ್ಜಿ ಗಾಜಿನ ಮೇಲೆ ಬರೋಕೆ ಇನ್ನೂ ಕೆಲವು ವಾರ ಬೇಕು. ನೀವು ಲಾಲ್‌ಬಾಗಿಗೆ ಹೋದ್ರೆ ಬಂಡೆ ಕೆರೆಯಬೇಡಿ, ಒಡೆಯಬೇಡಿ, ಅದು ಸ್ಮಾರಕ. ಫೋನಿನ ಕಂಪಾಸ್ ತೆಗೆದು ಪಟ್ಟೆಯ ಪಕ್ಕ ಇಟ್ಟು ಒಂದು ಫೋಟೋ ತೆಗೆದು ಕಳಿಸಿ.